ಮದುವೆಯಾದವರಿಗೆ ಮಾತ್ರ

ಮಾರಿಕನಿ ಕೆಲಸ ಮಾಡುವ ಹಲಗೆಯ ಅಂಚು ಒಂದು ಗೇಣಿನಷ್ಟು ಜಾಗದಲ್ಲಿ ಮಾತ್ರ ನುಣ್ಣಗೆ ಸವೆದಿತ್ತು. ಹೊಕ್ಕುಳಿನ ಕೆಳಗೆ ನೋವು ಎದ್ದಾಗ ಅವಳು ಆ ಅಂಚಿಗೆ ಹೊಟ್ಟೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಬಿಳಿ ಬ್ಯಾಂಡೇಜ್ ಬಟ್ಟೆಯ ತುಂಡು ತೆಗೆಯುವುದು, ಎಂಟು ಪದರವಾಗಿ ಮಡಿಸುವುದು, ಪಕ್ಕಕ್ಕಿಡುವುದು, ನೂರಾದ ಮೇಲೆ ದಾರ ಸುತ್ತಿ ಕಟ್ಟುವುದು. ಹದಿನಾರನೆಯ ವಯಸ್ಸಿಗೆ ಆ ಹಲಗೆಯ ಮುಂದೆ ಬಂದು ನಿಂತವಳಿಗೆ ಈಗ ಮೂವತ್ತನಾಲ್ಕು. ನೇಕಾರರ ಊರಾದ ಚತ್ರಪಟ್ಟಿಯಲ್ಲಿ ಮಗ್ಗದ ಸದ್ದು ನಿಂತರೆ ಮಲಗಿದವರಿಗೆ ಎಚ್ಚರವಾಗುತ್ತದೆ. ಹಾಗೆಯೇ ನೋವು ನಿಂತರೆ ಮಾರಿಕನಿಗೆ ಗಾಬರಿ, ಮತ್ತೆ ಎಷ್ಟು ಹೊತ್ತಿಗೆ ಬರುತ್ತದೋ ಎಂದು.

ಮೊದಲೆಲ್ಲ ಅದು ತಿಂಗಳಿಗೆ ಮೂರು ದಿನ ಬಂದು ಹೋಗುವ ನೆಂಟನಾಗಿತ್ತು. ಆಮೇಲೆ ಐದು ದಿನ ಆಯಿತು, ಹತ್ತು ದಿನ ಆಯಿತು. ಈಗ ತಿಂಗಳಲ್ಲಿ ನಾಲ್ಕೈದು ದಿನ ಎಲ್ಲೋ ಹೊರಗೆ ಹೋಗಿ ಬರುತ್ತಿತ್ತು, ಉಳಿದ ದಿನವೆಲ್ಲ ಮನೆಯಲ್ಲೇ. ಯಾರೋ ಒಳಗೆ ಹಸಿ ಬಟ್ಟೆ ಹಿಂಡಿ, ಹಿಂಡಿದ್ದನ್ನು ಬಿಡದೆ ಹಾಗೇ ಹಿಡಿದುಕೊಂಡ ಹಾಗೆ. ಬಲತೊಡೆಯವರೆಗೂ ಇಳಿಯುತ್ತಿತ್ತು. ಬೆಳಿಗ್ಗೆ ಹೊರಕಡೆಗೆ ಕೂತಾಗ ಕೆಲವು ದಿನ ಸೆರಗಿನ ತುದಿ ಕಚ್ಚಿಕೊಳ್ಳದೆ ಏಳಲಾಗುತ್ತಿರಲಿಲ್ಲ.

ಒಂಬತ್ತು ವರ್ಷದಿಂದ ಅವಳು ಕೇಳಿಕೊಂಡು ತಿರುಗಿದ್ದು ಒಂದೇ ಮಾತು: ನನಗೆ ಏನಾಗಿದೆ? ಜವಳಿ ಅಂಗಡಿಯ ಹಳದಿ ಚೀಲವೊಂದರಲ್ಲಿ ಆ ಒಂಬತ್ತು ವರ್ಷದ ಕಾಗದಗಳಿದ್ದವು. ರಾಜಪಾಳಯದ ಒಬ್ಬ ಡಾಕ್ಟರು ಹುಳದ ಗುಳಿಗೆ ಕೊಟ್ಟರು. ಇನ್ನೊಬ್ಬರು ಮೂತ್ರದ ಉರಿ ಎಂದು ಹದಿನಾಲ್ಕು ದಿನದ ಗುಳಿಗೆ ಬರೆದರು. ಮೂರನೆಯವರು ಹೆಂಗಸರ ಡಾಕ್ಟರು. ಅವರು ಹೊಟ್ಟೆಯ ಮೇಲೆ ಸ್ಕ್ಯಾನ್ ಮಾಡಿಸಿ, ಎಡಗಡೆಯ ಅಂಡಾಶಯದಲ್ಲಿ ಮೂರು ಸೆಂಟಿಮೀಟರಿನ ನೀರುಗುಳ್ಳೆ ಇದೆ, ಹೆದರಬೇಡ, ಎಷ್ಟೋ ಜನಕ್ಕೆ ಇರುತ್ತದೆ ಎಂದರು. ಮೂರು ತಿಂಗಳು ಬಿಟ್ಟು ನೋಡಿದಾಗ ಗುಳ್ಳೆ ಇರಲಿಲ್ಲ. ಡಾಕ್ಟರಮ್ಮನಿಗೆ ಖುಷಿಯೋ ಖುಷಿ.

"ನೋಡಿದ್ಯಾ, ಹೋಯ್ತು!"

"ನೋವು ಹೋಗಿಲ್ಲ ಡಾಕ್ಟರಮ್ಮ."

"ಗುಳ್ಳೆನೇ ಇಲ್ಲ, ನೋವು ಎಲ್ಲಿಂದ ಬಂತು? ಮನಸ್ಸಿಗೆ ಹಚ್ಕೋಬೇಡ. ಮದುವೆ ಆಯ್ತಾ?"

"ಇಲ್ಲ."

"ಆಗು. ಒಂದು ಮಗು ಆದ್ರೆ ಎಲ್ಲಾ ಸರಿಹೋಗುತ್ತೆ."

ಮುಂದಿನ ವರ್ಷ ಬಲಗಡೆ ನಾಲ್ಕು ಸೆಂಟಿಮೀಟರು. ಅದರ ಮುಂದಿನ ವರ್ಷ ಎರಡೂ ಕಡೆ ಏನೋ ಇದೆ, ಸರಿಯಾಗಿ ಕಾಣುತ್ತಿಲ್ಲ ಎಂದು ಬರೆದರು. ಊರು ಬದಲಾದರೂ ಡಾಕ್ಟರು ಬದಲಾದರೂ ಮೊದಲನೆಯ ಪ್ರಶ್ನೆ ಅದೇ, ಕೊನೆಯ ಔಷಧಿಯೂ ಅದೇ. ಮದುವೆ ಎನ್ನುವುದು ಅಂಗಡಿಯಲ್ಲಿ ಸಿಗುವ ಗುಳಿಗೆಯಾಗಿದ್ದರೆ ಅವಳು ಎಂದೋ ನುಂಗಿರುತ್ತಿದ್ದಳು.

ಪಕ್ಕದ ಹಲಗೆಯ ಪೇಚಿಯಮ್ಮನಿಗೆ ಐವತ್ತೈದು ದಾಟಿತ್ತು. ಗಂಡ ಸತ್ತು ಇಪ್ಪತ್ತು ವರ್ಷ. ಬಾಯಿ ಎಷ್ಟು ಜೋರೆಂದರೆ ಮಗ್ಗದ ಸದ್ದಿನ ಮೇಲೂ ಕೇಳುತ್ತಿತ್ತು. ಆಷಾಢದ ಹಾಗೆ ಮದುವೆಗೆ ಆಗದ ಆಡಿ ತಿಂಗಳು ಹುಟ್ಟುವುದಕ್ಕೆ ವಾರವಿದ್ದಾಗ ಒಂದು ದಿನ ಅವಳು ಮಡಿಸುತ್ತಾ ಮಡಿಸುತ್ತಾ ಹೇಳಿದಳು.

"ನಮ್ಮ ಸೊಸೆಗೆ ಮದುರೆಯಲ್ಲಿ ಒಳಗಿಂದ ನೋಡಿದ್ರು ಕಣೇ. ಹೊಟ್ಟೆ ಮೇಲೆ ಗೋಂದು ಬಳಿದು ಉಜ್ಜೋದಲ್ಲ. ಕಡ್ಡಿ ಹಾಗೆ ಒಂದು ಯಂತ್ರ, ಕೆಳಗಿಂದ ಹಾಕ್ತಾರೆ. ಹತ್ತೇ ನಿಮಿಷ. ಎಲ್ಲೆಲ್ಲಿ ಏನೇನಿದೆ ಅಂತ ಬೆರಳಿಟ್ಟು ತೋರಿಸಿದ್ರಂತೆ."

"ನಾನೂ ಕೇಳ್ದೆ ಅಕ್ಕ, ರಾಜಪಾಳಯದಲ್ಲಿ."

"ಏನಂದ್ರು?"

"ಬಾಗಿಲ ಮೇಲೆ ಬೋರ್ಡಿತ್ತು. ಮದುವೆಯಾದವರಿಗೆ ಮಾತ್ರ ಅಂತ. ನರ್ಸಮ್ಮ ಅದನ್ನ ತೋರಿಸಿ, ಮದುವೆಯಾಗದ ಹುಡುಗಿ ಬಾಯಲ್ಲಿ ಬರೋ ಮಾತಾ ಇದು, ಅಮ್ಮನ್ನ ಕರ್ಕೊಂಡು ಬಾ ಹೇಳ್ತೀನಿ ಅಂದ್ಲು."

ಪೇಚಿಯಮ್ಮ ಕೈಯಲ್ಲಿದ್ದ ಬಟ್ಟೆ ಬಿಟ್ಟು ನಕ್ಕಳು. "ಮೂವತ್ತನಾಲ್ಕಕ್ಕೂ ಹುಡುಗೀನಾ! ಹಾಗಾದ್ರೆ ನಾನು ಹೋದ ವರ್ಷ ಮೈನೆರೆದವಳು. ಏ ಹುಚ್ಚಿ, ಮಾರಿಯಮ್ಮನ ಗುಡಿ ಮುಂದೆ ಅರಿಶಿನದ ದಾರ ಗೊಂಚಲು ಗೊಂಚಲಾಗಿ ನೇತಾಡ್ತಿದೆ. ಒಂದು ಅರಿಶಿನದ ಕೊಂಬು ಸೇರಿಸಿ ಕಟ್ಕೊಂಡ್ರೆ ತಾಳಿ. ಗಂಡನ್ನ ಕೊಂಡ್ಕೋಬೇಕಂದ್ರೆ ಚಿನ್ನ ಬೇಕು, ತಾಳಿ ಕೊಂಡ್ಕೊಳಕ್ಕೆ ಏನು ಬೇಕು?"

ಸುತ್ತಲಿನ ಹೆಂಗಸರೆಲ್ಲ ಗೊಳ್ಳೆಂದರು. ಮಾರಿಕನಿಯೂ ನಕ್ಕಳು. ನಕ್ಕರೆ ನೋಯುತ್ತಿತ್ತು, ಆದರೂ ನಕ್ಕಳು. ಎಲ್ಲರೂ ಆ ಮಾತನ್ನು ಅಲ್ಲೇ ಬಿಟ್ಟು ಹೋದರು. ಅವಳ ಜೊತೆ ಮಾತ್ರ ಅದು ಮನೆಗೆ ಬಂತು.

ಮನೆಯಲ್ಲಿ ಇದ್ದದ್ದು ತಾಯಿ ಗುರುವಮ್ಮಾಳ್ ಒಬ್ಬಳೇ. ಮಗಳ ನೋವನ್ನು ಅವಳು ನಂಬುತ್ತಿರಲಿಲ್ಲ ಎಂದಲ್ಲ. ವಾರಕ್ಕೆ ಎರಡು ಸಲ ಉದ್ದಿನ ಹಿಟ್ಟಿಗೆ ತಾಳೆಬೆಲ್ಲ, ಎಳ್ಳೆಣ್ಣೆ ಹಾಕಿ ಮುದ್ದೆಯ ಹಾಗೆ ಕಳಿ ತೊಳಸಿ, ಸೊಂಟಕ್ಕೆ ಬಲ ಬರಲೆಂದು ಬಿಸಿಬಿಸಿ ಉಂಡೆ ಕೈಗಿಡುತ್ತಿದ್ದಳು. ಆದರೆ ನೋವಿನ ಹೆಸರನ್ನು ಬಾಯಿ ಬಿಟ್ಟು ಹೇಳಬಾರದು, ಬೀದಿಗೆ ಕೇಳಬಾರದು. ಅದಕ್ಕೆ ಕಾರಣವಿತ್ತು. ಮಾರಿಕನಿಗೆ ಇಪ್ಪತ್ಮೂರು ಇದ್ದಾಗ ಶಿವಗಿರಿ ಕಡೆಯಿಂದ ತವಸಿ ಎನ್ನುವ ಹುಡುಗ ನೋಡಲು ಬಂದಿದ್ದ. ಕಾಫಿ ತಟ್ಟೆ ಹಿಡಿದು ಬಂದ ಮಾರಿಕನಿ ಚಾಪೆಯ ಹತ್ತಿರ ಬರುವಷ್ಟರಲ್ಲಿ ಮಂಡಿ ಮಡಚಿ ಕೂತುಬಿಟ್ಟಳು. ಲೋಟಗಳು ಉರುಳಿದವು. ಹುಡುಗನ ಅಕ್ಕ ಅಲ್ಲಿಂದಲೇ ಎದ್ದಳು. ಆ ಹುಡುಗ ಮಾತ್ರ ಉರುಳಿದ ಲೋಟವೊಂದನ್ನು ಎತ್ತಿ, ಕೊಡದಿಂದ ನೀರು ಬಗ್ಗಿಸಿ, ಅವಳ ಮುಂದೆ ಇಟ್ಟು ಹೋದ. ಅವರು ಮತ್ತೆ ಬರಲಿಲ್ಲ. ಹೆಣ್ಣಿಗೆ ಕಾಯಿಲೆ ಎನ್ನುವ ಮಾತು ಶಿವಗಿರಿಯಿಂದ ಶಂಕರನ್‌ಕೋವಿಲ್‌ವರೆಗೂ ಹೋಯಿತು.

ಗುರುವಮ್ಮಾಳ್ ಆ ಹುಡುಗ ಬರುವ ಮುಂಚೆಯೇ ಒಂದು ಜೊತೆ ಬೆಳ್ಳಿಯ ಕಾಲುಂಗುರ ಕೊಂಡು, ಕೆಂಪು ಕಾಗದದಲ್ಲಿ ಸುತ್ತಿ, ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದಳು. ಹನ್ನೊಂದು ವರ್ಷದಿಂದ ಅವು ಅಲ್ಲೇ ಇದ್ದವು. ಪೊಂಗಲ್ ಹಬ್ಬಕ್ಕೊಮ್ಮೆ ತೆಗೆದು, ಹುಣಸೆಹಣ್ಣು ಹಾಕಿ ಉಜ್ಜಿ, ಮತ್ತೆ ಸುತ್ತಿಡುತ್ತಿದ್ದಳು.

ಆಡಿ ಮೊದಲ ಶುಕ್ರವಾರ ತಾಯಿ ಮಾರಿಯಮ್ಮನಿಗೆ ಅಂಬಲಿ ಹೊಯ್ಯಲು ಹೋದಾಗ ಮಾರಿಕನಿ ಪೆಟ್ಟಿಗೆ ತೆರೆದು ಆ ಕೆಂಪು ಕಾಗದವನ್ನು ಹಳದಿ ಚೀಲದೊಳಗೆ ಹಾಕಿಕೊಂಡಳು. ಅರಿಶಿನದ ದಾರವನ್ನೂ ಕೊಂಬನ್ನೂ ಹಿಂದಿನ ದಿನವೇ ಕೊಂಡಿದ್ದಳು. ಕೆಲಸಕ್ಕೆ ಹೋಗುವವಳ ಹಾಗೆ ಮನೆಯಿಂದ ಹೊರಟು ಮದುರೆಯ ಬಸ್ಸು ಹತ್ತಿದಳು.

ಮದುರೆಯ ಬಸ್ ನಿಲ್ದಾಣದ ಹೆಂಗಸರ ಕಕ್ಕಸಿನಲ್ಲಿ ಅವಳ ಮದುವೆಯಾಯಿತು. ಒಳಗೆ ಚಿಲಕವಿರಲಿಲ್ಲ. ಬೆನ್ನಿನಿಂದ ಬಾಗಿಲನ್ನು ಒತ್ತಿ ಹಿಡಿದು, ಕೈ ಎರಡನ್ನೂ ಕತ್ತಿನ ಹಿಂದಕ್ಕೆ ಒಯ್ದು ದಾರ ಕಟ್ಟಿಕೊಂಡಳು. ಮೂರು ಗಂಟು ಹಾಕಬೇಕು ಎನ್ನುವುದು ನೆನಪಿತ್ತು. ಹೇಗೆ ಹಾಕಬೇಕು ಎನ್ನುವುದನ್ನು ಬೆರಳುಗಳು ತಾವೇ ಮಾಡಿಕೊಂಡವು. ನೇಕಾರರ ಬೀದಿಯಲ್ಲಿ ಹುಟ್ಟಿದ ಹೆಣ್ಣಿಗೆ ಗಂಟು ಎಂದರೆ ಒಂದೇ, ಹರಿದ ಎಳೆಯನ್ನು ಸೇರಿಸುವ ಗಂಟು. ಎಳ್ಳು ಕಾಳಿನಷ್ಟು ಚಿಕ್ಕದು. ಎಳೆದಷ್ಟೂ ಬಿಗಿಯುತ್ತದೆ, ಬಿಚ್ಚುವ ಮಾತೇ ಇಲ್ಲ. ಬೇಡವಾದರೆ ಕತ್ತರಿಸಬೇಕು. ಅದನ್ನು ಹಾಕುವಾಗ ಅವಳಿಗೆ ಅದು ಹೊಳೆಯಲಿಲ್ಲ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಹೊರಗಿನಿಂದ ಯಾರೋ ಬಾಗಿಲು ಬಡಿಯುತ್ತಿದ್ದರು.

"ಯಾರಮ್ಮ ಒಳಗೆ, ಹೆರಿಗೆ ಆಗ್ತಿದೆಯಾ?"

"ಬಂದೆ, ಬಂದೆ," ಎಂದು ಮಾರಿಕನಿ ಒಂಟಿ ಕಾಲಲ್ಲಿ ನಿಂತು ಕಾಲುಂಗುರ ತೂರಿಸಿಕೊಂಡಳು.

ಸ್ಕ್ಯಾನ್ ಮಾಡುವ ಜಾಗದಲ್ಲಿ ಮೇಜಿನ ಹಿಂದಿನ ಹುಡುಗಿ ತಲೆ ಎತ್ತದೆ ಕೇಳಿದಳು. "ಹೆಸರು?"

"ಮಾರಿಕನಿ."

"ಗಂಡನ ಹೆಸರು?"

ಅದನ್ನು ಅವಳು ಯೋಚಿಸಿಕೊಂಡೇ ಬಂದಿರಲಿಲ್ಲ. ಬಾಯಿ ತೆರೆದಳು, ಏನೂ ಬರಲಿಲ್ಲ. ಮುಖವೆಲ್ಲ ಕೆಂಪಾಯಿತು. ಪಕ್ಕದ ಬೆಂಚಿನಲ್ಲಿ ವೀಳ್ಯದೆಲೆ ಅಗಿಯುತ್ತಿದ್ದ ಮುದುಕಿಯೊಬ್ಬಳು ಮೆಚ್ಚಿಕೊಂಡಳು.

"ಗಂಡನ ಹೆಸರು ಬಾಯಲ್ಲಿ ಹೇಳಲ್ಲ ಕಣಮ್ಮ ಅವಳು. ಈ ಕಾಲದಲ್ಲೂ ಇಂಥ ಹೆಣ್ಣುಮಕ್ಕಳಿದಾರಲ್ಲ! ನನಗೂ ಒಬ್ಬಳು ಸೊಸೆ ಇದಾಳೆ, ನನ್ನ ಮಗನ್ನ ಬೀದಿ ನಾಯಿ ಕರೆದ ಹಾಗೆ ಕರೀತಾಳೆ."

"ಬರೆದು ಕೊಡಿ ಹಾಗಾದ್ರೆ," ಎಂದು ಹುಡುಗಿ ಕಾಗದ ತಳ್ಳಿದಳು.

ಮಾರಿಕನಿ ಪೆನ್ನು ಹಿಡಿದು ತವಸಿ ಎಂದು ಬರೆದಳು. ಬೇರೆ ಯಾವ ಗಂಡಸೂ ಅವಳಿಗಾಗಿ ನೀರು ಬಗ್ಗಿಸಿದವನಿರಲಿಲ್ಲ.

ಒಳಗೆ ಇದ್ದದ್ದು ಕನ್ನಡಕದ ತೆಳ್ಳಗಿನ ಡಾಕ್ಟರಮ್ಮ. ಯಂತ್ರ ಮುಟ್ಟಿದ್ದೇ ಮಾರಿಕನಿಯ ಸೊಂಟ ಮಂಚದಿಂದ ಮೇಲೆದ್ದಿತು. ಸೆರಗು ಕಚ್ಚಿಕೊಂಡಳು. ಸಹಾಯಕ್ಕಿದ್ದ ಆಯಾ ಅವಳ ಕಾಲು ಹಿಡಿದುಕೊಂಡವಳು ಬೆರಳುಗಳನ್ನು ನೋಡಿ, "ಕಾಲುಂಗುರ ಹೊಸದೇನಮ್ಮ? ಬೆರಳಲ್ಲಿ ಗುರುತೇ ಬಿದ್ದಿಲ್ಲ," ಎಂದಳು. ಮಾರಿಕನಿ ಕೇಳಿಸದವಳ ಹಾಗೆ ಚಾವಣಿ ನೋಡಿದಳು.

"ಮದುವೆಯಾಗಿ ಎಷ್ಟು ವರ್ಷ?" ಡಾಕ್ಟರಮ್ಮ ಕೇಳಿದರು.

"ಹನ್ನೊಂದು."

"ಮಕ್ಕಳು?"

"ಇಲ್ಲ."

ಡಾಕ್ಟರಮ್ಮ ಪರದೆಯ ಮೇಲೆ ಗೆರೆ ಎಳೆದರು, ಅಳೆದರು, ಮತ್ತೆ ಅಳೆದರು. ಕೊನೆಗೆ ಪರದೆಯನ್ನೇ ಅವಳ ಕಡೆಗೆ ತಿರುಗಿಸಿದರು.

"ಇಲ್ಲಿ ನೋಡಮ್ಮ. ಇದು ನೀರುಗುಳ್ಳೆ ಅಲ್ಲ. ಹಳೆ ರಕ್ತ. ಹುಣಸೆ ಗೊಜ್ಜಿನ ಹಾಗೆ ಗಟ್ಟಿಯಾಗಿ ಕೂತಿದೆ, ಎರಡೂ ಅಂಡಾಶಯದಲ್ಲಿ. ಎರಡೂ ಹಿಂದಕ್ಕೆ ಜಾರಿ ಒಂದಕ್ಕೊಂದು ಅಂಟಿವೆ. ಇಲ್ಲಿ ಕರುಳಿಗೂ ಅಂಟಿದೆ. ಗರ್ಭಕೋಶದ ಒಳಗಿರಬೇಕಾದ ಪದರ ಹೊರಗೆಲ್ಲ ಬೆಳೆದಿರುತ್ತೆ. ತಿಂಗಳಿಗೊಮ್ಮೆ ಅದೂ ರಕ್ತ ಬಿಡುತ್ತೆ, ಬಿಟ್ಟಿದ್ದು ಹೊರಗೆ ಹೋಗಕ್ಕೆ ದಾರಿ ಇಲ್ಲ. ಎಂಡೊಮೆಟ್ರಿಯೋಸಿಸ್ ಅಂತಾರೆ. ತುಂಬಾ ನೋವಿರಬೇಕಲ್ಲ ನಿಂಗೆ?"

"ಇದೆ."

"ಹೇಗಮ್ಮ ಇಷ್ಟು ವರ್ಷ ತಡ್ಕೊಂಡೆ?"

ಒಂಬತ್ತು ವರ್ಷದಲ್ಲಿ ಹೀಗೆ ಕೇಳಿದವರು ಅವರೊಬ್ಬರೇ. ಮಾರಿಕನಿ ಮಲಗಿದ್ದಲ್ಲೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಕಣ್ಣೀರು ಕಿವಿಯೊಳಕ್ಕೆ ಹರಿಯಿತು. ಇತ್ತು. ಅದು ಅಲ್ಲೇ ಇತ್ತು. ನಾನು ಸುಳ್ಳು ಹೇಳುತ್ತಿರಲಿಲ್ಲ. ಮನಸ್ಸಿಗೆ ಹಚ್ಚಿಕೊಂಡದ್ದಲ್ಲ, ಮೈಗಳ್ಳತನವಲ್ಲ, ಕಣ್ಣೆದುರು ಕಪ್ಪಗೆ ಕೂತಿದೆ ನೋಡಿ. ಕಾಯಿಲೆ ಗೊತ್ತಾಯಿತೆಂದು ಯಾರಾದರೂ ಸಂತೋಷಪಡುತ್ತಾರೆಯೇ? ಅವಳು ಪಟ್ಟಳು. ಆಯಾ ಬಂದು ತಲೆ ಸವರುವವರೆಗೂ ಅವಳಿಗೆ ಹಬ್ಬವೇ.

"ಅಳೋದು ಆಮೇಲೆ ಅಳು," ಡಾಕ್ಟರಮ್ಮ ಕೈಗವಸು ತೆಗೆಯುತ್ತಾ ಹೇಳಿದರು. "ಇದು ಬಲಗಡೆಯ ಮೂತ್ರದ ನಾಳಾನೂ ಎಳೀತಾ ಇದೆ. ಕಿಡ್ನಿ ಆಗಲೇ ಊದ್ಕೊಳ್ತಾ ಇದೆ. ತಡ ಮಾಡಿದ್ರೆ ಕಿಡ್ನಿ ಹೋಗುತ್ತೆ. ಸರ್ಕಾರದ ವಿಮೆ ಕಾರ್ಡ್ ಇದೆ ತಾನೇ? ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ ಈ ಚೀಟಿ ತೋರಿಸು. ಗಂಡನ್ನ ಕರ್ಕೊಂಡು ಹೋಗು, ಸಹಿ ಕೇಳ್ತಾರೆ."

ದೊಡ್ಡಾಸ್ಪತ್ರೆಯ ವಿಮೆ ಕಿಟಕಿಯಲ್ಲಿ ಕೂತಿದ್ದವನು ಕಾರ್ಡನ್ನೂ ಚೀಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದ.

"ಕಾರ್ಡಲ್ಲಿ ಮುತ್ತಯ್ಯನ ಮಗಳು, ಮದುವೆಯಾಗಿಲ್ಲ. ಚೀಟಿಯಲ್ಲಿ ತವಸಿಯ ಹೆಂಡತಿ. ಯಾರ ಚೀಟಿ ಎತ್ಕೊಂಡು ಬಂದೆ?"

"ನಂದೇ ಸಾರ್."

"ಎಲ್ಲರೂ ಹಾಗೇ ಹೇಳ್ತಾರೆ. ಹೋದ ತಿಂಗಳು ಅತ್ತಿಗೆ ಕಾರ್ಡಲ್ಲಿ ನಾದಿನಿ ಬಂದು ಮಲಗಿದ್ಲು. ನನ್ನ ಕೆಲಸ ಹೋಗೋದ್ರಲ್ಲಿತ್ತು. ಹೋಗು, ಒಳಗೆ ಡಾಕ್ಟರಮ್ಮನ್ನ ಕೇಳು."

ಒಳಗಿನ ಡಾಕ್ಟರಮ್ಮನ ಮುಂದೆ ಮಾರಿಕನಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಬೈಗುಳ ಬೀಳುತ್ತದೆಂದು ಕಾದಳು. ಅವರು ಬೈಯಲಿಲ್ಲ. ಬೆಳಿಗ್ಗೆಯಿಂದ ಇನ್ನೂರು ಜನರನ್ನು ನೋಡಿದ ಮುಖ ಅದು.

"ಸುಳ್ಳು ಯಾಕೆ ಹೇಳ್ದೆ?"

"ನಿಜ ಹೇಳಿದ್ರೆ ಒಳಗೆ ನೋಡಲ್ಲ ಅಂದ್ರು."

ಅವರು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಈ ಚೀಟಿ ನಂಬಿ ನಾನು ಕತ್ತಿ ಹಿಡಿಯಕ್ಕಾಗಲ್ಲಮ್ಮ. ಇದರಲ್ಲಿರೋ ಹೆಂಗಸು ನೀನಲ್ಲ. ನಿನ್ನ ಹೆಸರಲ್ಲಿ ಇನ್ನೊಂದು ಸಲ ಸ್ಕ್ಯಾನ್ ಆಗಬೇಕು. ಮೇಲಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಒಳಗಿಂದ ನೋಡ್ಬೇಕಂದ್ರೆ, ಮದುವೆಯಾಗಿಲ್ಲ ಅಂದ್ಮೇಲೆ, ಮನೆಯವರ ಒಪ್ಪಿಗೆ ಬೇಕು. ಇಲ್ಲಿನ ಪದ್ಧತಿ ಅದು. ನಾನು ಮಾಡಿದ್ದಲ್ಲ. ಅಪ್ಪ?"

"ಇಲ್ಲ."

"ಅಮ್ಮ?"

"ಇದ್ದಾರೆ."

"ಕರ್ಕೊಂಡು ಬಾ. ಹೆಬ್ಬೆಟ್ಟು ಒತ್ತಿದ್ರೂ ಸಾಕು. ಒಂದು ಅಂಡಾಶಯ ತೆಗೀಬೇಕಾಗಬಹುದು, ಎರಡೂ ಆದ್ರೂ ಆಗಬಹುದು. ಅದನ್ನೂ ಮನೇಲಿ ಹೇಳಿ ಕರ್ಕೊಂಡು ಬಾ. ಆಮೇಲೆ ಬಂದು ಇಲ್ಲಿ ಎದೆ ಬಡ್ಕೋಬಾರದು. ಬೇಗ ಬಾ. ಕಿಡ್ನಿ ಕಾಯಲ್ಲ."

ಒಂದು ಹೆಬ್ಬೆಟ್ಟು. ಬಸ್ಸಿನಲ್ಲಿ ಕೂತು ಬರುವಾಗ ಮಾರಿಕನಿಗೆ ಅದು ದೊಡ್ಡದೆನಿಸಲಿಲ್ಲ. ಹೆತ್ತ ತಾಯಿಯ ಹೆಬ್ಬೆಟ್ಟು ತಾನೇ. ತಾಯಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಮಡಿಸಿ ಜೋಡಿಸಿಕೊಂಡಳು. ತಿರುಮಂಗಲ ದಾಟುವಾಗ ನೋವು ಎದ್ದಿತು. ಮುಂದಿನ ಸೀಟಿನ ಕಂಬಿಗೆ ಹೊಟ್ಟೆ ಆನಿಸಿಕೊಂಡಳು. ಊರು ಬಂದದ್ದೂ ಇಳಿದದ್ದೂ ಬೀದಿಯಲ್ಲಿ ನಡೆದದ್ದೂ ಸರಿಯಾಗಿ ನೆನಪಿರಲಿಲ್ಲ. ಕತ್ತಿನಲ್ಲಿ ದಾರವಿದೆ ಎನ್ನುವುದು ಮರೆತೇಹೋಗಿತ್ತು.

ದೀಪ ಹಚ್ಚುವ ಹೊತ್ತು. ಗುರುವಮ್ಮಾಳ್ ಹೊಸಲಿನಲ್ಲಿ ಕೂತು ನುಗ್ಗೆ ಸೊಪ್ಪು ಬಿಡಿಸುತ್ತಿದ್ದಳು. ಮೊದಲು ಅವಳ ಕಣ್ಣು ಬಿದ್ದದ್ದು ಕಾಲಿನ ಮೇಲೆ. ಆಮೇಲೆ ಕತ್ತಿನ ಮೇಲೆ. ಮಡಿಲಲ್ಲಿದ್ದ ಸೊಪ್ಪು ನೆಲಕ್ಕೆ ಸುರಿಯಿತು. ಮಾರಿಕನಿ ತಾಯಿಯ ಮುಖವನ್ನು ಹಾಗೆ ಎಂದೂ ನೋಡಿರಲಿಲ್ಲ. ಅರವತ್ತರ ಮುಖ ಗಳಿಗೆಯಲ್ಲಿ ಇಪ್ಪತ್ತು ವರ್ಷ ಕಳಚಿಕೊಂಡಿತು.

"ಯಾರು?" ಎಂದಳು ತಾಯಿ ಪಿಸುದನಿಯಲ್ಲಿ. "ಯಾರೇ ಮಗಳೇ? ಬೈಯಲ್ಲ, ಹೇಳು. ಎಲ್ಲಿದಾನೆ? ಹೊರಗೆ ನಿಲ್ಲಿಸಿದ್ಯಾ? ಅಯ್ಯೋ, ಆಡಿ ತಿಂಗಳಲ್ಲಿ ಕಟ್ಟಿಸ್ಕೊಂಡ್ಯಲ್ಲೇ, ಒಂದು ಮಾತು ಹೇಳಿದ್ರೆ ತಿಂಗಳು ಕಾಯಬಹುದಿತ್ತು. ಹೋಗ್ಲಿ ಬಿಡು. ಯಾವ ಜಾತಿಯಾದ್ರೂ ಆಗ್ಲಿ, ಎರಡನೆ ಸಂಬಂಧ ಆದ್ರೂ ಆಗ್ಲಿ. ಒಳಗೆ ಕರಿ. ಆರತಿ ನೀರು ಕಲಸ್ತೀನಿ."

"ಅಮ್ಮಾ."

"ಕಾಲುಂಗುರ ಪೆಟ್ಟಿಗೆಯಿಂದ ತಗೊಂಡ್ಯಾ, ಕಳ್ಳಿ! ಒಳ್ಳೆದಾಯ್ತು. ನಿಂಗೇ ಅಂತ ತಾನೇ ಇಟ್ಟಿದ್ದು."

"ಅಮ್ಮಾ, ಯಾರೂ ಇಲ್ಲ. ಸ್ಕ್ಯಾನಿಗೆ ಕಟ್ಕೊಂಡಿದ್ದು."

ಗುರುವಮ್ಮಾಳಿಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳು ಒಂದೂ ಸಾಲಾಗಿ ಬರಲಿಲ್ಲ. ಹಳೆ ರಕ್ತ, ಅಂಟಿಕೊಂಡ ಕರುಳು, ಊದುವ ಕಿಡ್ನಿ, ಹೆಬ್ಬೆಟ್ಟು, ಎಲ್ಲ ಕಲಸಿಹೋದವು. ಅಂಡಾಶಯ ತೆಗೆಯಬೇಕಾಗಬಹುದು ಎಂದಾಗ ತಾಯಿ ಕೈಯೆತ್ತಿ ನಿಲ್ಲಿಸಿದಳು. ಮುಖ ಹಳೆಯ ಮುಖವಾಗಿತ್ತು.

"ನಿನ್ನ ಬಂಜೆ ಮಾಡಿ ಅಂತ ನಾನು ಹೆಬ್ಬೆಟ್ಟು ಒತ್ಬೇಕಾ?"

"ಇಲ್ಲಾಂದ್ರೆ ಕಿಡ್ನಿ ಹೋಗುತ್ತಮ್ಮ."

"ಒಳಗಿದ್ದಿದ್ದೆಲ್ಲ ತೆಗೆಸ್ಕೊಂಡು ಬಂದವಳನ್ನ ಯಾರು ಕಟ್ಕೊತಾರೆ?"

"ಈಗ ಯಾರು ಬರ್ತಿದಾರೆ?"

"ಬರ್ತಾರೆ."

"ಹನ್ನೊಂದು ವರ್ಷ ಆಯ್ತಮ್ಮ. ಒಬ್ಬನೂ ಬಂದಿಲ್ಲ."

"ಬರ್ತಾರೆ ಅಂದ್ನಲ್ಲ!" ಗುರುವಮ್ಮಾಳ್ ಕೂಗಿದಳು. ಎದುರು ಮನೆಯ ಮಗ್ಗ ನಿಂತಿತು. ಅವಳು ದನಿ ಇಳಿಸಿದಳು. "ಮೊದಲು ಅದನ್ನ ಕತ್ತಿಂದ ತೆಗಿ. ಬೀದಿ ನೋಡುತ್ತೆ."

ಮಾರಿಕನಿ ಕತ್ತಿನ ಹಿಂದೆ ಕೈಹಾಕಿದಳು. ಮೂರು ಎಳ್ಳು ಕಾಳುಗಳು ಬೆರಳಿಗೆ ಸಿಕ್ಕವು. ಉಗುರು ಹಾಕಿದಳು, ಎಳೆದಳು. ಎಳೆದಷ್ಟೂ ಬಿಗಿದವು. ಆಗ ನೆನಪಾಯಿತು, ತನ್ನ ಬೆರಳು ಏನು ಮಾಡಿದೆ ಎಂದು. "ಬರಲ್ಲಮ್ಮ. ಬ್ಲೇಡು ತಗೊಂಡು ಕತ್ತರಿಸು."

ತಾಯಿ ಹಿಂದೆ ಸರಿದಳು. "ನಾನಾ? ನನ್ನ ಕತ್ತಿಂದ ಕತ್ತರಿಸಿದ್ದು ಸಾಲ್ದಾ? ಮಗಳ ತಾಳಿ ತಾಯಿ ಕೈಯಾರೆ ಕತ್ತರಿಸ್ತಾಳಾ?"

"ಇದು ತಾಳಿ ಅಲ್ಲಮ್ಮ. ದಾರ."

"ಅರಿಶಿನ ಹಚ್ಚಿ, ಮೂರು ಗಂಟು ಹಾಕಿದ ಮೇಲೆ ದಾರ ಅಲ್ಲ."

ಆ ರಾತ್ರಿ ಒಲೆ ಹಚ್ಚಲಿಲ್ಲ. ಮಾರನೆಯ ದಿನ ಮಾರಿಕನಿ ತಾಯಿಯ ಕಾಲ ಹತ್ತಿರ ಕೂತು ಕೇಳಿದಳು. ಅದರ ಮಾರನೆಯ ದಿನವೂ ಕೇಳಿದಳು. ಗುರುವಮ್ಮಾಳ್ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡೇ ಓಡಾಡಿದಳು. ನಾಲ್ಕನೆಯ ದಿನ ಬೆಳಿಗ್ಗೆ ಒಗೆದ ಸೀರೆಯುಟ್ಟು ಎಲ್ಲಿಗೋ ಹೋದವಳು ಮಧ್ಯಾಹ್ನ ಬಂದಳು. ಬಹಳ ದಿನದ ಮೇಲೆ ಮಗಳ ತಲೆಗೆ ಎಣ್ಣೆ ಹಚ್ಚಲು ಕೂತಳು.

"ತರಕಿನವರ ಹತ್ರ ಹೋಗಿದ್ದೆ," ಎಂದಳು. ಊರಲ್ಲಿ ಮದುವೆ ಜೋಡಿಸುವವನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. "ಶಂಕರನ್‌ಕೋವಿಲಲ್ಲಿ ಒಬ್ಬನಿದಾನಂತೆ. ಐವತ್ತೆರಡು. ಹೆಂಡತಿ ಹೋಗಿ ಎರಡು ವರ್ಷ. ದೊಡ್ಡ ದೊಡ್ಡ ಮಕ್ಕಳಿದಾರೆ, ಇನ್ನು ಮಕ್ಕಳು ಬೇಕು ಅಂತಿಲ್ಲ. ಅಡುಗೆ ಮಾಡಿ ಹಾಕಿದ್ರೆ ಸಾಕಂತೆ."

ಮಾರಿಕನಿ ಎಣ್ಣೆಯ ಬಟ್ಟಲನ್ನು ತನ್ನ ಮಡಿಲಿಗೆ ಎತ್ತಿಕೊಂಡಳು.

"ಆಡಿ ಕಳೆದು ಆವಣಿ ಬರ್ಲಿ. ಆವಣಿಯಲ್ಲಿ ಕಟ್ಟಿಸ್ಬಿಡೋಣ. ಆಮೇಲೆ ಅವನೇ ಬಂದು ಸಹಿ ಹಾಕ್ತಾನೆ. ಮದುವೆಯಾದವಳು ಅಂತ ನೀನು ರಾಜಾರೋಷವಾಗಿ ಹೋಗಿ ಮಲಗು, ಯಾರು ಕೇಳ್ತಾರೆ? ನಾನೇನು ನಿನ್ನ ಸಾಯ್ಲಿ ಅಂತೀನಾ?" ತಾಯಿಯ ಬೆರಳುಗಳು ನೆತ್ತಿಯ ಮೇಲೆ ಮೆತ್ತಗೆ ಓಡಾಡುತ್ತಿದ್ದವು. "ಎಷ್ಟು, ಇನ್ನು ಇಪ್ಪತ್ತೈದು ದಿನ. ಇಷ್ಟು ವರ್ಷ ತಡ್ಕೊಂಡವಳಿಗೆ ಇಪ್ಪತ್ತೈದು ದಿನ ಒಂದು ಲೆಕ್ಕಾನಾ?"

"ಅವರಿಗೆ ಕಾಯಿಲೆ ವಿಷಯ ಹೇಳಿದ್ಯಾ?"

ಎಣ್ಣೆಯ ಕೈ ಒಂದು ಕ್ಷಣ ನಿಂತಿತು. "ಕಟ್ಟಿದ ಮೇಲೆ ಹೇಳಿದ್ರಾಯ್ತು."

ಮಾರಿಕನಿ ಆಮೇಲೆ ಕೇಳಲಿಲ್ಲ. ತಾಯಿಯ ಮೇಲೆ ಸಿಟ್ಟು ಬಂದಿದ್ದರೆ ಸುಲಭವಿತ್ತು. ಬರಲಿಲ್ಲ. ಮದುರೆಯ ಆ ಕನ್ನಡಕದ ಡಾಕ್ಟರಮ್ಮನನ್ನು ಬಿಟ್ಟರೆ ಲೋಕವೆಲ್ಲ ಒಂದೇ ಬಾಗಿಲಲ್ಲಿ ನಿಂತಿತ್ತು. ಆ ಬಾಗಿಲ ಮೇಲೆ ಒಂದೇ ಬೋರ್ಡು ಇತ್ತು. ಅಮ್ಮನೂ ಅದರ ಕ್ಯೂನಲ್ಲೇ ನಿಂತಿದ್ದಳು, ಅಷ್ಟೆ.

ಮರುದಿನ ಅವಳು ಕೆಲಸಕ್ಕೆ ಹೋದಳು. ಸೆರಗನ್ನು ಕತ್ತಿನ ಸುತ್ತ ಹೊದ್ದಿದ್ದಳು, ಆ ಸೆಕೆಯಲ್ಲಿ. ಪೇಚಿಯಮ್ಮನ ಕಣ್ಣಿಗೆ ಅದು ತಪ್ಪಲಿಲ್ಲ. ಊಟದ ಹೊತ್ತಿಗೆ ಕಟ್ಟುಗಳ ರಾಶಿಯ ಹಿಂದಕ್ಕೆ ಎಳೆದುಕೊಂಡು ಹೋಗಿ ಸೆರಗು ಸರಿಸಿದಳು. ಮಾರಿಕನಿ ಹೇಳಿದ್ದನ್ನೆಲ್ಲ ನಿಂತೇ ಕೇಳಿದಳು.

"ಥೂ ನನ್ನ ನಾಲಿಗೆಗೆ," ಎಂದಳು ಕೊನೆಗೆ. "ನಾನು ತಮಾಷೆಗೆ ಅಂದಿದ್ದು ಕಣೇ."

"ನಿನ್ನ ಮಾತಿಂದಾನೇ ಅಕ್ಕ ನನಗೆ ಗೊತ್ತಾಗಿದ್ದು, ಏನಾಗಿದೆ ಅಂತ."

"ಗೊತ್ತಾಗಿ ಏನು ಬಂತು?"

ಮಾರಿಕನಿ ಕತ್ತಿನ ದಾರ ಎತ್ತಿ ಹಿಡಿದಳು. "ಇದನ್ನ ಕತ್ತರಿಸು ಅಕ್ಕ," ಎಂದಳು. "ಅಮ್ಮ ಮುಟ್ಟಲ್ಲ ಅಂತಾಳೆ. ಕತ್ತಿನ ಹತ್ರ ನಾನೇ ಬ್ಲೇಡು ಹಾಕಕ್ಕೆ ಧೈರ್ಯ ಬರ್ತಿಲ್ಲ."

ಪೇಚಿಯಮ್ಮ ಸೊಂಟದಿಂದ ದಾರ ಕೊಯ್ಯುವ ಬ್ಲೇಡು ತೆಗೆದಳು. "ತಿರುಗು. ನಾನು ಗಂಡ ಸತ್ತವಳು, ನನಗೆ ಇನ್ನೇನು ಪಾಪ ತಟ್ಟುತ್ತೆ. ತಟ್ಟಿದ್ರೆ ಆ ಬೋರ್ಡು ಬರೆದವನಿಗೆ ತಟ್ಲಿ." ಬ್ಲೇಡು ದಾರದ ಮೇಲೆ ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಕಟ್ಟು ಬಿಟ್ಟಿತು. ಅರಿಶಿನದ ಕೊಂಬು ಮಾರಿಕನಿಯ ರವಿಕೆಯೊಳಗೆ ಬಿತ್ತು. ಅವಳು ಅದನ್ನು ತೆಗೆದು, ದಾರದ ಜೊತೆ, ಹಳದಿ ಚೀಲದಲ್ಲಿ ಮದುರೆಯ ಚೀಟಿಯ ಪಕ್ಕಕ್ಕೆ ಹಾಕಿದಳು. ಕತ್ತಿನ ಸುತ್ತ ಹಳದಿ ಬಣ್ಣದ ಗೆರೆ ಉಳಿಯಿತು. ಪೇಚಿಯಮ್ಮ ಒದ್ದೆ ಮಾಡಿದ ಬ್ಯಾಂಡೇಜ್ ತುಂಡಿನಿಂದ ಉಜ್ಜಿದಳು. ಪೂರ್ತಿ ಹೋಗಲಿಲ್ಲ.

ಮಧ್ಯಾಹ್ನದ ಕೆಲಸ ಶುರುವಾಯಿತು. ಮಾರಿಕನಿ ತನ್ನ ಹಲಗೆಯ ಮುಂದೆ ನಿಂತು ಮಡಿಸತೊಡಗಿದಳು. ಅರ್ಧ ಗಂಟೆಯಾಗಿರಬೇಕು, ನೋವು ಬಂತು. ಅಭ್ಯಾಸಬಲದಿಂದ ಅವಳು ಹಲಗೆಯ ಸವೆದ ಅಂಚಿಗೆ ಹೊಟ್ಟೆ ಒತ್ತಿದಳು. ನೋವು ಅಲ್ಲಿರಲಿಲ್ಲ. ಬೆನ್ನ ಹಿಂದೆ, ಬಲಗಡೆ, ಪಕ್ಕೆಲುಬಿನ ಕೆಳಗೆ ಎದ್ದಿತ್ತು. ಹೊಸ ಜಾಗ. ಅಲ್ಲಿಗೆ ಒತ್ತಿಕೊಳ್ಳಲು ಯಾವ ಅಂಚೂ ಇರಲಿಲ್ಲ.

"ಏನೇ?" ಪಕ್ಕದಿಂದ ಪೇಚಿಯಮ್ಮ ಕೇಳಿದಳು.

"ಏನಿಲ್ಲ ಅಕ್ಕ."

ಆಡಿ ಮುಗಿಯಲು ಇನ್ನೂ ಇಪ್ಪತ್ನಾಲ್ಕು ದಿನವಿತ್ತು. ಅವಳು ಎಂಟು ಪದರವಾಗಿ ಮಡಿಸಿ ಪಕ್ಕಕ್ಕಿಟ್ಟಳು. ಇನ್ನೊಂದನ್ನು ತೆಗೆದುಕೊಂಡಳು. ನೂರಾದ ಮೇಲೆ ದಾರ ಸುತ್ತಿ ಗಂಟು ಹಾಕಿದಳು.